ಮನೆಯಲ್ಲೇ ಇದ್ದು ದೂರ ಇರುವ ಅಭ್ಯಾಸ

"ನೀನು ಹೇಗೂ ದಿನವಿಡೀ ಮನೆಯಲ್ಲೇ ಇರುತ್ತೀ, ಮರಿಯನ್ನು ನೋಡಿಕೊಳ್ಳುವ ಕೆಲಸ ನಿನ್ನದೇ" ಎಂಬ ಶರತ್ತಿನ ಮೇಲೆ ಅಪ್ಪ ನಾಯಿಮರಿ ತರಲು ಒಪ್ಪಿದರು. ಬೆಳಗ್ಗೆ ಎದ್ದು ತೋಟಕ್ಕಿಳಿದು ಊಟದ ಹೊತ್ತಿಗಷ್ಟೇ ಮೇಲೆ ಬರುವ ಅವರ ಕಣ್ಣಿಗೆ, ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕುಳಿತು ಪರದೆ ನೋಡುತ್ತಿರುವ ಮಗಳು ಪುರುಸೊತ್ತಿನಲ್ಲಿರುವಂತೆ ಕಂಡರೆ ಆಶ್ಚರ್ಯವೇನೂ ಇಲ್ಲ. ನಾನು ಬೆಂಗಳೂರಿನ ಒಂದು ಕಂಪೆನಿಗಾಗಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಮಾಡುತ್ತೇನೆ. ನಮ್ಮ ಮನೆ ಇರುವುದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಸ್ವಲ್ಪ ಒಳಗೆ. ಮೇಲೆ ಗುಡ್ಡೆ, ಕೆಳಗೆ ಅಡಿಕೆ ತೋಟ, ನಡುವೆ ಅಂಗಳ ಮತ್ತು ಹಟ್ಟಿ. ಹಿಂದೆ ಪತ್ತಾಯ ಇರಿಸಿದ್ದ ಕೋಣೆಯೇ ಈಗ ನನ್ನ ಆಫೀಸು. ಮನೆಯಿಂದ ಕೆಲಸ ಮಾಡುವವರಿಗೆ ಸಾಕುಪ್ರಾಣಿಗಳ ಜೊತೆ ಬೇಕಾದಷ್ಟು ಸಮಯ ಸಿಗುತ್ತದೆ ಎಂದು ಹೊರಗಿನವರೂ ಒಳಗಿನವರೂ ತಿಳಿದುಕೊಂಡಿರುವುದರಿಂದ, ಆ ಸಮಯ ನಿಜವಾಗಿ ಹೇಗೆ ಸಿಗುತ್ತದೆ, ಹೇಗೆ ಸಿಗುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಇದು ಆರಂಭವಾದದ್ದು ಬೆಕ್ಕಿನಿಂದ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಘೋಷಣೆಯಾಗುವ ಮೊದಲೇ ನಾನು ಊರಿಗೆ ಬಂದು ಸೇರಿದ್ದೆ. ಕೇರಳದಲ್ಲಿ ಮೊದಮೊದಲು ಹೆಚ್ಚು ಪ್ರಕರಣಗಳು ಕಂಡುಬಂದ ಜಿಲ್ಲೆ ನಮ್ಮದು. ತಲಪಾಡಿಯ ಹೆದ್ದಾರಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೂ ಕಾಲೇಜಿಗೂ ಬಟ್ಟೆಬರೆಗೂ ಮಂಗಳೂರನ್ನೇ ನಂಬಿಕೊಂಡ ನಮ್ಮ ಕಡೆಯವರಿಗೆ ಗಡಿ ಎಂಬುದು ನಕ್ಷೆಯಲ್ಲಿ ಮಾತ್ರ ಇರುವ ಗೆರೆಯಲ್ಲ ಎಂದು ಆಗ ತಿಳಿಯಿತು. ಆ ದಿನಗಳಲ್ಲಿ ನನ್ನ ಆಫೀಸಿನ ಖಾಯಂ ಸಹೋದ್ಯೋಗಿ ಚಿನ್ನಿ ಎಂಬ ಹೆಣ್ಣು ಬೆಕ್ಕು. ಅವಳು ಅಮ್ಮನ ಬೆಕ್ಕು. ನನ್ನ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಆದರೆ ಲ್ಯಾಪ್‌ಟಾಪಿನ ಮೇಲೆ ಇತ್ತು. ಬೆಕ್ಕಿನ ದೇಹಕ್ಕೆ ಹಿತವೆನಿಸುವ ಉಷ್ಣತೆ ಸುಮಾರು 30ರಿಂದ 38 ಡಿಗ್ರಿ ಸೆಲ್ಸಿಯಸ್, ಅಂದರೆ ನಮಗೆ ಬೆವರು ಕಿತ್ತುಬರುವ ಸೆಕೆ ಅದಕ್ಕೆ ಸುಖ. ಮಳೆಗಾಲದಲ್ಲಿ ನೆಲ ತಣ್ಣಗಾಗಿ ಗೋಡೆಯಲ್ಲಿ ಪಸೆ ಏರುವಾಗ ಮನೆಯಲ್ಲಿ ಆ ಮಟ್ಟದ ಬಿಸಿ ಇರುವುದು ಒಲೆಯ ಬುಡದಲ್ಲಿ, ಇನ್ವರ್ಟರಿನ ತಲೆಯ ಮೇಲೆ ಮತ್ತು ನನ್ನ ಕೀಬೋರ್ಡಿನಲ್ಲಿ. ಒಲೆಯ ಬುಡದಿಂದ ಅಮ್ಮ ಎಬ್ಬಿಸುತ್ತಿದ್ದರು, ಹಾಗಾಗಿ ಉಳಿದ ಎರಡು ಜಾಗಗಳನ್ನು ಅವಳು ಸರದಿಯಂತೆ ಹಂಚಿಕೊಂಡಿದ್ದಳು. ಹಳೆಯ ಲ್ಯಾಪ್‌ಟಾಪೊಂದನ್ನು ಚಾಲೂ ಮಾಡಿ ಮೇಜಿನ ಎಡಬದಿಗೆ ತೆರೆದಿಟ್ಟ ಮೇಲೆ ಈ ವ್ಯವಹಾರ ಇತ್ಯರ್ಥವಾಯಿತು. ಬೆಕ್ಕಿಗೆ ಬೇಕಾದದ್ದು ಅಷ್ಟೇ: ಬಿಸಿಯ ಜಾಗ, ಸಂಜೆ ಹಟ್ಟಿಯ ಬದಿಯಲ್ಲಿ ಒಂದಿಷ್ಟು ಹಾಲು, ರಾತ್ರಿ ಅಟ್ಟದ ಮೇಲೆ ಇಲಿ. ದಿನದ ಬಹುಭಾಗ ನಿದ್ರಿಸುವ ಪ್ರಾಣಿಗೆ ನಾನು ಮೀಟಿಂಗಿನಲ್ಲಿದ್ದರೇನು, ಇಲ್ಲದಿದ್ದರೇನು? ಮನೆಯಿಂದ ಕೆಲಸ ಮಾಡುವವರಿಗೆ ಬೆಕ್ಕಿನಂಥ ಜೊತೆ ಬೇರೆ ಇಲ್ಲ ಎಂದು ನಾನು ಈಗಲೂ ಹೇಳುತ್ತೇನೆ.

ನಾಯಿಯ ಮಾತು ಬೇರೆ. ಮನೆಯ ಮುದಿ ನಾಯಿ ತೀರಿಕೊಂಡ ಮೇಲೆ ಅಂಗಳ ಬರಿದಾಗಿತ್ತು. ಮಂಗಗಳು ಹಗಲು ಹೊತ್ತಿನಲ್ಲೇ ತೆಂಗಿನ ಮರದಿಂದ ಬೊಂಡ ಕಿತ್ತು ಹಾಕಲು ತೊಡಗಿದ್ದವು, ಹಂದಿಗಳು ಬಾಳೆಯ ಬುಡ ಒಕ್ಕುತ್ತಿದ್ದವು. ಹಾಗಾಗಿ ಅಪ್ಪನಿಗೆ ಬೇಕಿದ್ದದ್ದು ಕಾವಲಿನ ನಾಯಿ, ನನಗೆ ಬೇಕಿದ್ದದ್ದು ಜೊತೆಯ ನಾಯಿ. ನೆರೆಮನೆಯ ಹೆಣ್ಣು ನಾಯಿ ಹಾಕಿದ ಮರಿಗಳಲ್ಲಿ ಕಂದು ಮೈಯ, ಮೂಗು ಕಪ್ಪಾದ ಒಂದನ್ನು, ಅದು ತಾಯಿಯ ಹಾಲು ಬಿಟ್ಟು, ಹುಟ್ಟಿ ಎರಡು ತಿಂಗಳಾಗುವ ಹೊತ್ತಿಗೆ ತಂದೆವು. ಅದಕ್ಕಿಂತ ಮೊದಲೇ ತಾಯಿಯಿಂದ ಬೇರ್ಪಡಿಸಿದ ಮರಿಗಳಿಗೆ ಕಚ್ಚುವುದರ ಮಿತಿ ಗೊತ್ತಾಗುವುದಿಲ್ಲ. ಒಡಹುಟ್ಟಿದವುಗಳ ಜೊತೆ ಕಚ್ಚಾಡಿ, ಕೂಗಿಸಿಕೊಂಡೇ ಅವು ಆ ಪಾಠ ಕಲಿಯುತ್ತವೆ. ಅಮ್ಮ ಅದನ್ನು ಬೊಗ್ಗು ಎಂದು ಕರೆದರು, ಅದೇ ಉಳಿಯಿತು.

ಈ ಮನೆಯಲ್ಲಿ ನಾಯಿ ಜಗಲಿ ದಾಟಿ ಒಳಗೆ ಬಂದ ಚರಿತ್ರೆ ಇರಲಿಲ್ಲ. ಹಗಲು ಸಂಕಲೆ, ರಾತ್ರಿ ಬಿಡುಗಡೆ, ಇದು ನಮ್ಮ ಕಡೆಯ ಸಾಮಾನ್ಯ ಕ್ರಮ. ಅದನ್ನು ಬದಲಿಸಿದ್ದು ನನ್ನ ವಾದವಲ್ಲ, ಚಿರತೆ. ಇತ್ತೀಚಿನ ವರ್ಷಗಳಲ್ಲಿ ಮುಳಿಯಾರು, ಕಾರಡ್ಕ, ದೇಲಂಪಾಡಿಯ ಕಾಡಂಚಿನ ಊರುಗಳಲ್ಲಿ ಚಿರತೆ ಕಾಣಿಸಿಕೊಂಡು ಮನೆಯಂಗಳದಿಂದ ಸಾಕುನಾಯಿಗಳನ್ನು ಹೊತ್ತೊಯ್ದ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ರಾತ್ರಿ ನಾಯಿಯನ್ನು ಹೊರಗೆ ಬಿಡುವುದೆಂದರೆ ಚಿರತೆಯನ್ನು ಊಟಕ್ಕೆ ಕರೆದಂತೆ ಎಂದು ನೆರೆಯವರು ಹೇಳಿದ ಮೇಲೆ ಅಪ್ಪ, "ಆಗಲಿ, ರಾತ್ರಿ ಮಾತ್ರ ಒಳಗೆ, ಅದೂ ನಿನ್ನ ಕೋಣೆಯಲ್ಲಿ" ಎಂದರು. ರಾತ್ರಿ ಒಳಗೆ ಮಲಗಿದ ಮರಿ ಬೆಳಗ್ಗೆ ಹೊರಗೆ ಹೋಗಲು ಒಪ್ಪದೆ ಮೇಜಿನ ಕೆಳಗೇ ಉಳಿದದ್ದನ್ನು ಯಾರೂ ಹೆಚ್ಚು ಚರ್ಚಿಸಲಿಲ್ಲ.

ಮೊದಲ ತಿಂಗಳುಗಳ ದಿನಚರಿಯನ್ನು ನಾನು ಮೀಟಿಂಗುಗಳ ಸುತ್ತ ಅಲ್ಲ, ಮರಿಯ ಮೂತ್ರದ ಸುತ್ತ ಕಟ್ಟಬೇಕಾಯಿತು. ಆ ಪ್ರಾಯದ ಮರಿ ದಿನಕ್ಕೆ ಹದಿನೆಂಟು ಗಂಟೆ ನಿದ್ರಿಸುತ್ತದೆ ಎಂಬುದು ಕೇಳಲು ಸಮಾಧಾನದ ವಿಷಯ. ಆದರೆ ಆ ನಿದ್ರೆ ಒಂದೇ ಗಂಟಿನಲ್ಲಿ ಸಿಗುವುದಿಲ್ಲ. ಅರ್ಧ ಗಂಟೆಯೋ ಒಂದು ಗಂಟೆಯೋ ಮಲಗಿ, ಎದ್ದ ಕೂಡಲೇ ಒಂದು ಸುತ್ತು ತಿರುಗಿ, ಮೂಗು ನೆಲಕ್ಕೆ ಹಚ್ಚಿದರೆ ಅಂಗಳಕ್ಕೆ ಒಯ್ಯಲು ನಮಗೆ ಉಳಿದಿರುವುದು ಕೆಲವೇ ಕ್ಷಣಗಳು. ಎದ್ದಾಗ, ತಿಂದಾಗ, ಆಡಿ ಮುಗಿಸಿದಾಗ, ಈ ಮೂರು ಹೊತ್ತಿನಲ್ಲಿ ತಪ್ಪದೆ ಹೊರಗೊಯ್ದು, ಅಲ್ಲೇ ಹೊಗಳಿ ಒಳಗೆ ತಂದರೆ ಮರಿಗೆ ಜಾಗದ ನೆನಪು ನಿಲ್ಲುತ್ತದೆ. ಹಾಗಾಗಿ ನಾನು ದೀರ್ಘ ಬರವಣಿಗೆಯ ಕೆಲಸವನ್ನೆಲ್ಲ ಮರಿ ಮಲಗಿದ ತಕ್ಷಣಕ್ಕೆ ಇಟ್ಟುಕೊಂಡೆ. ಎಲ್ಲರೂ ಸುಮ್ಮನೆ ಕೇಳಿಸಿಕೊಳ್ಳುವ ದೊಡ್ಡ ಮೀಟಿಂಗುಗಳಿಗೆ ಮೊಬೈಲಿನಲ್ಲಿ ಸೇರಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮರಿಯ ಹಿಂದೆ ತೆಂಗಿನ ಬುಡದಿಂದ ಬುಡಕ್ಕೆ ನಡೆಯುತ್ತ ತ್ರೈಮಾಸಿಕ ಲಾಭನಷ್ಟದ ವಿವರ ಕೇಳಿದೆ. ಮನೆಯಿಂದ ಕೆಲಸ ಮಾಡುವುದರ ಅತಿ ದೊಡ್ಡ ಉಪಕಾರ ಇದೇ ಇರಬೇಕು. ನಾಯಿಗೆ ಶೌಚದ ಪಾಠ ಹೇಳಿಕೊಡುವ ಕೆಲಸ ಹಗಲು ಮನೆಯಲ್ಲಿಲ್ಲದವರಿಗೆ ಎಷ್ಟು ಕಷ್ಟವೆಂಬುದನ್ನು ನನ್ನ ಬೆಂಗಳೂರಿನ ಸಹೋದ್ಯೋಗಿಗಳಿಂದ ಕೇಳಿದ್ದೇನೆ.

ಹಲ್ಲು ಬರುವ ಕಾಲದಲ್ಲಿ ಮೇಜಿನ ಕೆಳಗಿನ ಲೋಕವೇ ಅಪಾಯದ ಲೋಕ. ಚಾರ್ಜರಿನ ವಯರು, ರೌಟರಿನ ವಯರು, ಇನ್ವರ್ಟರಿಗೆ ಹೋಗುವ ಜೋಡಣೆ, ಎಲ್ಲವೂ ಮರಿಯ ಬಾಯಿಯ ಎತ್ತರದಲ್ಲೇ ಇರುತ್ತವೆ. ಪೇಟೆಯಲ್ಲಿ ವಯರು ಮುಚ್ಚುವ ಕೊಳವೆಗಳು ಸಿಗುತ್ತವಾದರೂ ನಮ್ಮ ಶೆಡ್ಡಿನಲ್ಲಿ ತೋಟಕ್ಕೆ ನೀರು ಬಿಡುವ ಕಪ್ಪು ಪೈಪಿನ ತುಂಡುಗಳು ಬೇಕಾದಷ್ಟು ಬಿದ್ದಿದ್ದವು. ಅವನ್ನು ಉದ್ದಕ್ಕೆ ಕತ್ತಿಯಲ್ಲಿ ಸೀಳಿ, ಸೀಳಿನ ಬಾಯಿ ಅಗಲಿಸಿ ವಯರನ್ನು ಒಳಗೆ ಕೂರಿಸಿದರೆ ಪೈಪು ತಾನೇ ಮುಚ್ಚಿಕೊಳ್ಳುತ್ತದೆ. ಎರಡು ಗೇಣಿಗೊಂದರಂತೆ ಹಗ್ಗದ ಕಟ್ಟು ಹಾಕಿ ಸೀಳು ಗೋಡೆಯ ಕಡೆಗೆ ಬರುವಂತೆ ತಿರುಗಿಸಿದರೆ ಮುಗಿಯಿತು. ಬೊಗ್ಗು ಆ ಪೈಪನ್ನು ಕೆಲವು ದಿನ ಕಡಿದ, ಒಳಗಿನ ವಯರು ಅವನ ಹಲ್ಲಿಗೆ ಸಿಗಲಿಲ್ಲ. ಕಡಿಯಲು ಬೇರೇನಾದರೂ ಕೊಡಬೇಕಲ್ಲ ಎಂದು ಹಸಿ ಕ್ಯಾರೆಟನ್ನೂ ಗಟ್ಟಿ ರಬ್ಬರಿನ ಆಟಿಕೆಯನ್ನೂ ಇಟ್ಟೆ. ತೆಂಗಿನ ಸಿಪ್ಪೆಯನ್ನು ಕೊಡುವ ರೂಢಿ ಊರಲ್ಲಿದೆ. ಅದರ ನಾರು ಹೊಟ್ಟೆಯಲ್ಲಿ ಗಂಟು ಕಟ್ಟಬಹುದೆಂಬ ಕಾರಣಕ್ಕೆ ನಾನು ಅದನ್ನು ದೂರವೇ ಇರಿಸಿದೆ.

ಅಡಿಕೆಯ ಮನೆಯಲ್ಲಿ ನಾಯಿ ಸಾಕುವವರು ಗಮನಿಸಬೇಕಾದ ಎರಡು ವಿಷಯಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು, ಅಡಿಕೆಯೇ. ಅಂಗಳದಲ್ಲಿ ಒಣಹಾಕಿದ ಹಣ್ಣಡಿಕೆ ಮರಿಯ ಪಾಲಿಗೆ ಚೆಂಡು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳ ಹೊರಹಾಕಲು ಔಷಧವಾಗಿಯೇ ಕೊಡುತ್ತಿದ್ದರು. ಕರುಳನ್ನು ಹಿಂಡಿ ಭೇದಿ ಮಾಡಿಸುವುದೇ ಅದರ ಗುಣ. ಪ್ರಮಾಣ ಮೀರಿದರೆ ಜೊಲ್ಲು, ವಾಂತಿ, ನಡುಕ ಎಲ್ಲವೂ ಬರುತ್ತದೆ. ಇನ್ನೊಂದು, ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಮದ್ದು ಬಿಡುವ ದಿನಗಳು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣದ ಡ್ರಮ್ಮು ತೋಟದ ಬದಿಯಲ್ಲೇ ಇರುತ್ತದೆ, ಅದರ ಸುತ್ತಲಿನ ಗುಂಡಿಗಳಲ್ಲಿ ನೀಲಿ ನೀರು ನಿಂತಿರುತ್ತದೆ. ತಾಮ್ರದ ಆ ಲವಣ ಹೊಟ್ಟೆಗೆ ಹೋದರೆ ನಾಯಿಗೆ ಕೇಡು. ಮದ್ದು ಬಿಡುವವರು ಬಂದ ದಿನಗಳಲ್ಲಿ ಬೊಗ್ಗು ಸಂಜೆಯವರೆಗೂ ನನ್ನ ಕೋಣೆಯ ಒಳಗೇ ಇರುತ್ತಾನೆ, ಆ ದಿನ ನನ್ನ ಕೆಲಸ ಅರ್ಧವೇ ಆಗುತ್ತದೆ.

ಊಟದ ವಿಷಯದಲ್ಲಿ ನಡೆದದ್ದು ಸಂಧಾನ. ನಮ್ಮದು ಸಸ್ಯಾಹಾರಿ ಮನೆ. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಅಂಶ ಅತ್ಯಗತ್ಯ. ಅದು ಮಾಂಸದಲ್ಲಿ ಮಾತ್ರ ಸಾಕಷ್ಟು ಸಿಗುತ್ತದೆ, ಕೊರತೆಯಾದರೆ ಕಣ್ಣಿಗೂ ಹೃದಯಕ್ಕೂ ಹಾನಿ. ಚಿನ್ನಿ ತನ್ನ ಪಾಲನ್ನು ಅಟ್ಟದಿಂದ ತಾನೇ ಸಂಪಾದಿಸಿಕೊಳ್ಳುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಆ ಪ್ರಶ್ನೆ ಎದ್ದಿರಲಿಲ್ಲ. ನಾಯಿ ಬೆಕ್ಕಿನಷ್ಟು ಕಟ್ಟುನಿಟ್ಟಲ್ಲ, ಅನ್ನ ಮಜ್ಜಿಗೆಯಲ್ಲೂ ಬದುಕುತ್ತದೆ. ಆದರೆ ಬೆಳೆಯುವ ಮರಿಗೆ ಬರೀ ಅನ್ನ ಸಾಲದು. ಒಣ ಆಹಾರದ ಪ್ಯಾಕೆಟ್ಟಿಗೆ ಅಮ್ಮ ಒಪ್ಪಿದರು, ಅದು ಬಿಸ್ಕತ್ತಿನಂತೆ ಕಾಣುತ್ತದಲ್ಲ. ಮೊಟ್ಟೆಗೆ ಒಪ್ಪಲಿಲ್ಲ. "ಬೇಯಿಸುವುದಾದರೆ ಹಟ್ಟಿಯ ಆಚೆ ಬದಿಯಲ್ಲಿ ಬೇಯಿಸು, ಆ ಪಾತ್ರೆ ಮತ್ತೆ ಅಡುಗೆಮನೆಯ ಮೆಟ್ಟಿಲು ಹತ್ತಬಾರದು" ಎಂದು ತೀರ್ಮಾನವಾಯಿತು. ಹಾಗಾಗಿ ದಿನದ ಮೊದಲ ಮೀಟಿಂಗಿಗೆ ಮೊದಲು ಮೂರು ಕಲ್ಲಿನ ಒಲೆಯ ಮುಂದೆ ಕುಳಿತು, ಸೋಗೆಯ ತುಂಡಿನಿಂದ ಬೆಂಕಿ ಮಾಡಿ, ನಾಯಿಗೆ ಮೊಟ್ಟೆ ಬೇಯಿಸುವುದು ನನ್ನ ಬೆಳಗಿನ ಕೆಲಸಗಳಲ್ಲಿ ಒಂದಾಯಿತು. ಹತ್ತಿರದಲ್ಲೇ ಗೌರಿ ಮೆಲುಕು ಹಾಕುತ್ತಿರುತ್ತಾಳೆ. ಅವಳು ಕಾಸರಗೋಡು ಗಿಡ್ಡ ತಳಿಯ ದನ. ಎತ್ತರ ಒಂದು ಮೀಟರಿನ ಆಸುಪಾಸು, ಹಾಲು ಮನೆಗೆ ಸಾಲುವಷ್ಟು, ಖರ್ಚು ಇಲ್ಲವೆನ್ನುವಷ್ಟು. ಈ ತಳಿಯನ್ನು ಉಳಿಸಲೆಂದೇ ಬದಿಯಡ್ಕದ ಸಮೀಪ ಬೇಳದಲ್ಲಿ ಸರಕಾರದ ಕೇಂದ್ರವೊಂದಿದೆ. ಬೊಗ್ಗುವಿಗೆ ನಾಯಿಯ ಎತ್ತರದ ಮಿತಿ ಕಲಿಸಿದವಳು ಗೌರಿಯೇ. ಒಮ್ಮೆ ಕೊಂಬು ತಗ್ಗಿಸಿದ್ದು ಸಾಕಾಯಿತು.

ಲಸಿಕೆಗಳ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಆರರಿಂದ ಎಂಟು ವಾರದಲ್ಲಿ ಪಾರ್ವೊ, ಡಿಸ್ಟೆಂಪರ್ ಮೊದಲಾದ ರೋಗಗಳ ಸಂಯುಕ್ತ ಲಸಿಕೆ, ಮೂರು ನಾಲ್ಕು ವಾರ ಬಿಟ್ಟು ಅದರ ಮುಂದಿನ ಸೂಜಿ, ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ, ಬಳಿಕ ಪ್ರತಿವರ್ಷ ಪುನರಾವರ್ತನೆ. ನಮ್ಮಂಥ ಮಳೆಯ ನಾಡಿನಲ್ಲಿ ಇಲಿಜ್ವರದ ರಕ್ಷಣೆಯೂ ಸೇರಿರುವ ಲಸಿಕೆಯನ್ನೇ ಕೇಳಿ ಹಾಕಿಸಬೇಕು. ಮೃಗಾಸ್ಪತ್ರೆ ತೆರೆದಿರುವುದು ನನ್ನ ಕೆಲಸದ ಹೊತ್ತಿನಲ್ಲೇ. ಹಾಗಾಗಿ ಅರ್ಧ ದಿನದ ರಜೆ ಹಾಕದೆ ಸಾಗುವುದಿಲ್ಲ. ರಜೆಯ ಅರ್ಜಿಯಲ್ಲಿ "ನಾಯಿಯ ಲಸಿಕೆ" ಎಂದು ಕಾರಣ ಬರೆದಾಗ ನನ್ನ ಮೇಲಧಿಕಾರಿ ಏನೂ ಹೇಳಲಿಲ್ಲ, ಅವರ ಮನೆಯಲ್ಲೂ ನಾಯಿ ಇದೆ ಎಂದು ನನಗೆ ಮೀಟಿಂಗುಗಳಿಂದ ಗೊತ್ತಿತ್ತು.

ಮರಿಯ ಸೂಜಿಗಿಂತ ಮನುಷ್ಯರ ಸೂಜಿಗೆ ಹೆಚ್ಚು ಓಡಾಟವಾಯಿತು. ಮೂರು ತಿಂಗಳು ತುಂಬುವ ಮೊದಲು, ಆಟದ ಭರದಲ್ಲಿ ಬೊಗ್ಗುವಿನ ಹಾಲುಹಲ್ಲು ನನ್ನ ಮುಂಗೈಯಲ್ಲಿ ಗೀರು ಎಬ್ಬಿಸಿ ರಕ್ತ ಒಸರಿತು. ಮನೆಯದೇ ಮರಿ, ಹಾಲುಹಲ್ಲು, ಏನಾಗುತ್ತದೆ ಎಂದು ಬಿಟ್ಟುಬಿಡುವ ಧೈರ್ಯ ಕೇರಳದಲ್ಲಿ ಈಗ ಯಾರಿಗೂ ಇಲ್ಲ, ಇರಲೂಬಾರದು. 2022ರಲ್ಲಿ ಹುಚ್ಚುನಾಯಿ ರೋಗದಿಂದಾದ ಸಾವುಗಳ ಬೆನ್ನಿಗೆ ಸೆಪ್ಟೆಂಬರಿನಲ್ಲಿ ರಾಜ್ಯದಾದ್ಯಂತ ನಾಯಿಗಳಿಗೆ ಲಸಿಕೆ ಹಾಕುವ ಅಭಿಯಾನವೇ ನಡೆದಿತ್ತು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಈ ಹದಿನೈದು ನಿಮಿಷ ಎಷ್ಟು ದೀರ್ಘವೆಂಬುದು ಬಚ್ಚಲಿನ ನಲ್ಲಿಯ ಮುಂದೆ ಗಡಿಯಾರ ನೋಡುತ್ತ ನಿಂತಾಗಲೇ ತಿಳಿಯುವುದು. ಬಳಿಕ ಕುಟುಂಬ ಆರೋಗ್ಯ ಕೇಂದ್ರ. ಚರ್ಮದೊಳಗೆ ಕೊಡುವ ಸೂಜಿ ಅದೇ ದಿನ, ಮತ್ತೆ ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ. ರಕ್ತ ಬಂದ ಗಾಯವಾದರೆ ಕೂಡಲೇ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಸೂಜಿಯೂ ಬೇಕಾಗುತ್ತದೆ, ಅದು ದೊಡ್ಡ ಆಸ್ಪತ್ರೆಯಲ್ಲಿ. ನಾಯಿ ಸಾಕಲು ಹೊರಟವರು ಕಚ್ಚುವ ಮೊದಲೇ ಮುಂಜಾಗ್ರತೆಯ ಸೂಜಿ ತೆಗೆದುಕೊಳ್ಳುವ ಅವಕಾಶವೂ ಇದೆ ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ.

ಪರವಾನಗಿಯ ವಿಷಯ ಬೇಗ ಮುಗಿಯುತ್ತದೆ. ನಾಯಿ ಸಾಕಲು ಪಂಚಾಯತಿನ ಪರವಾನಗಿ ಬೇಕೆಂದು ಹೇಳುವ ನಿಯಮ ಕೇರಳದಲ್ಲಿ 1998ರಿಂದಲೇ ಇದೆ, ಹಂದಿಗೂ ಅದೇ ನಿಯಮ. ಲಸಿಕೆಯ ಪ್ರಮಾಣಪತ್ರ ಇಲ್ಲದೆ ಪರವಾನಗಿ ಇಲ್ಲ. ಅರ್ಜಿಯನ್ನು ಈಗ ಸ್ಥಳೀಯಾಡಳಿತ ಸೇವೆಗಳ ಕೆ-ಸ್ಮಾರ್ಟ್ ಜಾಲತಾಣದಲ್ಲಿ ಹಾಕಬಹುದಾದ್ದರಿಂದ ಊಟದ ವಿರಾಮದಲ್ಲೇ ಕುರ್ಚಿಯಿಂದ ಏಳದೆ ಮುಗಿಸಿದೆ. "ನಾಯಿಗೂ ಲೈಸೆನ್ಸಾ?" ಎಂದು ಅಪ್ಪ ನಕ್ಕರು, ಪರವಾನಗಿಯಲ್ಲಿ ಮಾಲೀಕರ ಹೆಸರಿನ ಜಾಗದಲ್ಲಿ ತಮ್ಮ ಹೆಸರು ಇಲ್ಲದ್ದನ್ನು ನೋಡಿ ನಗು ನಿಲ್ಲಿಸಿದರು.

ಇಷ್ಟೆಲ್ಲ ಆದ ಮೇಲೆ, ಮರಿ ನಾಯಿಯಾಗಿ, ದಿನಚರಿ ಒಂದು ಹದಕ್ಕೆ ಬಂದ ಮೇಲೆ, ನಾನು ಬರೆಯಲು ಹೊರಟ ಮುಖ್ಯ ತೊಡಕು ಕಾಣಿಸಿಕೊಂಡಿತು. ಬೊಗ್ಗು ದಿನವಿಡೀ ನನ್ನ ಕಾಲ ಬುಡದಲ್ಲೇ ಇರುತ್ತಿದ್ದ. ಒಂಬತ್ತು ಗಂಟೆ ಒಂದೇ ಕೋಣೆಯಲ್ಲಿ ಇಬ್ಬರೂ ಇದ್ದರೂ ಸಂಜೆಯಾಗುವಾಗ ಅವನು ಯಾರೂ ಮಾತನಾಡಿಸದ ನಾಯಿಯಂತೆ ಹಠ ಹಿಡಿಯುತ್ತಿದ್ದ. ಚಪ್ಪಲಿ ಕಚ್ಚಿ ಓಡುವುದು, ಕಿಟಕಿಯ ಹೊರಗೆ ಏನೂ ಇಲ್ಲದೆ ಬೊಗಳುವುದು, ಕುರ್ಚಿಯ ಕಾಲನ್ನು ಉಗುರಿನಿಂದ ಕೆರೆಯುವುದು. ಅವನ ಕಡೆಯಿಂದ ನೋಡಿದರೆ ವಿಷಯ ಸರಳ. ಅವನು ಮೇಜಿನ ಕೆಳಗಿನಿಂದ ತಲೆ ಎತ್ತಿ ನನ್ನ ಮುಖವನ್ನೇ ನೋಡುತ್ತಾನೆ. ನಾನು ನೋಡುವುದು ಪರದೆಯನ್ನು. ನಾನು ನಗುತ್ತೇನೆ, ಮಾತನಾಡುತ್ತೇನೆ, "ಹೌದು, ಸರಿ, ತುಂಬ ಚೆನ್ನಾಗಿದೆ" ಎನ್ನುತ್ತೇನೆ. ಅದು ಯಾವುದೂ ಅವನಿಗಲ್ಲ. ಜಪಾನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಾಯಿ ಮತ್ತು ಅದರ ಯಜಮಾನ ಹೆಚ್ಚು ಹೊತ್ತು ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರುತ್ತದೆ ಎಂದು ಕಂಡುಬಂದಿತ್ತು. ತಾಯಿ ಮಗುವಿನ ನಡುವೆ ಬಾಂಧವ್ಯ ಬೆಸೆಯುವ ಹಾರ್ಮೋನು ಅದೇ. ಮನುಷ್ಯರು ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ. ಅಲ್ಲಿ ಲೆಕ್ಕಕ್ಕೆ ಬಂದದ್ದು ನೋಟ. ನಮ್ಮ ಕೋಣೆಯಲ್ಲಿ ಇಲ್ಲದಿದ್ದದ್ದೂ ಅದೇ.

ಆದ್ದರಿಂದ ನಾನು ಎರಡು ಕೆಲಸಗಳನ್ನು ಒಟ್ಟಿಗೆ ಆರಂಭಿಸಿದೆ: ಅವನ ಜೊತೆ ಇರುವ ಹೊತ್ತನ್ನು ಗಡಿಯಾರಕ್ಕೆ ಕಟ್ಟುವುದು, ಉಳಿದ ಹೊತ್ತಿನಲ್ಲಿ ಅವನನ್ನು ನನ್ನಿಂದ ಬೇರೆ ಮಾಡುವುದು. ಮೊದಲನೆಯದು ಸುಲಭ. ಬೆಳಗ್ಗೆ ಮೊಟ್ಟೆಯ ನಂತರ ಗುಡ್ಡೆಯ ಕಡೆ ಒಂದು ನಡಿಗೆ, ಮಧ್ಯಾಹ್ನ ಊಟದ ಬಳಿಕ ಜಗಲಿಯಲ್ಲಿ ಮೈ ಬಾಚಿ ಉಣುಗು ಹೆಕ್ಕುವುದು, ನಾಲ್ಕು ಗಂಟೆಯ ಚಹಾದ ಹೊತ್ತಿನಲ್ಲಿ ತೋಟದ ಕೆಳಗಿನ ತೋಡಿನವರೆಗೆ ಓಟ. ಈ ಮೂರು ಹೊತ್ತಿನಲ್ಲಿ ಮೊಬೈಲು ಕೋಣೆಯಲ್ಲೇ ಉಳಿಯುತ್ತದೆ. ನನ್ನ ಕ್ಯಾಲೆಂಡರಿನಲ್ಲಿ ನಾಲ್ಕರಿಂದ ನಾಲ್ಕೂವರೆಯವರೆಗೆ "ಬಿಡುವಿಲ್ಲ" ಎಂದು ಗುರುತು ಹಾಕಿದ್ದೇನೆ, ಯಾರೂ ಕಾರಣ ಕೇಳಿಲ್ಲ. ಉಣುಗು ಹೆಕ್ಕುವುದನ್ನು ನಾನು ಕಾಟಾಚಾರಕ್ಕೆ ಮಾಡುವುದಿಲ್ಲ. ಕಿವಿಯ ಒಳಮಡಿಕೆ, ಬೆರಳುಗಳ ಸಂದು, ಕುತ್ತಿಗೆಯ ಪಟ್ಟಿಯ ಅಡಿ, ಬಾಲದ ಬುಡ, ಈ ಕ್ರಮದಲ್ಲಿ ಬೆರಳಾಡಿಸುತ್ತ ಹೋದರೆ ಸಾಸಿವೆಯ ಗಾತ್ರದ್ದೂ ಸಿಗುತ್ತದೆ. ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರಕ್ಕೆ ಎಳೆದು ಸೋಪಿನ ನೀರಿಗೆ ಹಾಕಬೇಕು. ನಾಯಿಗಳ ರಕ್ತಕಣಗಳನ್ನು ಕಾಡುವ ಬೆಬೀಸಿಯಾ, ಎರ್ಲಿಕಿಯಾ ರೋಗಗಳು ಹರಡುವುದು ಇವುಗಳಿಂದಲೇ. ಬೊಗ್ಗುವಿಗೆ ಇದು ದಿನದ ಅತ್ಯಂತ ಸುಖದ ಹೊತ್ತು. ಅಂಗಾತ ಬಿದ್ದು ಕಾಲು ನಾಲ್ಕನ್ನೂ ಚಾಚಿ ನನ್ನ ಮುಖ ನೋಡುತ್ತಿರುತ್ತಾನೆ, ನನಗೂ ಅವನ ಮುಖ ಬಿಟ್ಟರೆ ಬೇರೆ ನೋಡಲು ಏನೂ ಇರುವುದಿಲ್ಲ.

ಎರಡನೆಯದು ದೀರ್ಘಕಾಲದ ಕೆಲಸ. ಕಂಪೆನಿ ಪೂರ್ತಿ ಮನೆಯಿಂದಲೇ ದುಡಿಯುವ ಅವಕಾಶವನ್ನು ಮೊಟಕುಗೊಳಿಸಿ, ಆಗಾಗ ಒಂದು ವಾರ ಬೆಂಗಳೂರಿಗೆ ಬರಬೇಕೆಂದು ತಿಳಿಸಿದ್ದರಿಂದ ಅದಕ್ಕೆ ಅವಸರವೂ ಸೇರಿತು. ಹುಟ್ಟಿದಂದಿನಿಂದ ಒಬ್ಬರನ್ನು ಬಿಟ್ಟಿರದ ನಾಯಿ, ಆ ಒಬ್ಬರು ಒಮ್ಮೆಲೇ ಮಾಯವಾದರೆ ಊಟ ಬಿಡುತ್ತದೆ, ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುತ್ತದೆ, ಎಡೆಬಿಡದೆ ಊಳಿಡುತ್ತದೆ. ಲಾಕ್‌ಡೌನ್ ಕಾಲದಲ್ಲಿ ಮರಿ ತಂದು ಬಳಿಕ ಆಫೀಸಿಗೆ ಮರಳಿದ ಎಷ್ಟೋ ಜನ ಎದುರಿಸಿದ ಸಮಸ್ಯೆ ಇದು. ಮನೆಯಲ್ಲಿ ಅಪ್ಪ ಅಮ್ಮ ಇದ್ದಾರಲ್ಲ ಎಂದರೆ ಸಾಲದು, ನಾಯಿಯ ಗಂಟು ಇರುವುದು ನಿರ್ದಿಷ್ಟ ಮನುಷ್ಯರ ಜೊತೆ.

ಅಪ್ಪ ಅಡಿಕೆ ಸಲಾಕೆಗಳನ್ನು ಸೀಳಿ ನನ್ನ ಕೋಣೆಯ ಬಾಗಿಲಿಗೆ ಸೊಂಟದೆತ್ತರದ ಗೇಟೊಂದನ್ನು ಮಾಡಿಕೊಟ್ಟರು. ಬೊಗ್ಗು ಚಾವಡಿಯಲ್ಲಿ ಗೋಣಿಯ ಮೇಲೆ, ನಾನು ಗೇಟಿನ ಒಳಗೆ. ಮೊದಲು ಕೆಲವು ಸೆಕೆಂಡುಗಳಷ್ಟೇ ಗೇಟು ಹಾಕಿ, ಅವನು ಕೂಗುವ ಮೊದಲೇ ತೆರೆಯುತ್ತಿದ್ದೆ. ಕೂಗಿದ ಮೇಲೆ ತೆರೆದರೆ ಕೂಗಿಗೇ ಗೇಟು ತೆರೆಯುತ್ತದೆ ಎಂದು ಅವನು ಕಲಿಯುತ್ತಾನೆ, ಮತ್ತೆ ಅದನ್ನು ಮರೆಸಲು ಎರಡು ಪಟ್ಟು ಶ್ರಮ ಬೇಕು. ಸೆಕೆಂಡು ನಿಮಿಷವಾಗಿ, ನಿಮಿಷ ಕಾಲು ಗಂಟೆಯಾಗಿ, ಅವನು ನನ್ನನ್ನು ಕಾಣುತ್ತಲೇ ನನ್ನಿಂದ ದೂರ ಮಲಗಲು ಒಪ್ಪಿದ. ಬಳಿಕ ಗೇಟಿಗೆ ಹಳೆಯ ಸೀರೆಯ ಪರದೆ ಬಂತು, ಸದ್ದು ಕೇಳಿಸುತ್ತದೆ ಆದರೆ ನಾನು ಕಾಣಿಸುವುದಿಲ್ಲ. ಒಪ್ಪಿದ್ದಕ್ಕೆ ಸಂಭಾವನೆಯಾಗಿ ರಬ್ಬರಿನ ಆಟಿಕೆಯ ಟೊಳ್ಳಿನಲ್ಲಿ ಮೊಸರನ್ನ ತುಂಬಿ ಇಡುತ್ತಿದ್ದೆ, ಅದನ್ನು ನೆಕ್ಕಿ ಮುಗಿಸಲು ಅವನಿಗೆ ಒಂದು ಮೀಟಿಂಗಿನಷ್ಟು ಹೊತ್ತು ಬೇಕು.

ಈ ಅಭ್ಯಾಸದ ನಡುವೆ ನನಗೆ ಕುತೂಹಲ ಹುಟ್ಟಿಸಿದ್ದು ಅವನು ಓದುವ ಸೂಚನೆಗಳು. ಮೀಟಿಂಗು ಮುಗಿಯುವಾಗ ಎಲ್ಲರೂ ಒಟ್ಟಿಗೆ ಹೇಳುವ ಬೈ ಬೈಗೆ ಅವನು ತಲೆ ಎತ್ತುತ್ತಾನೆ. ಲ್ಯಾಪ್‌ಟಾಪಿನ ಮುಚ್ಚಳದ ಸದ್ದಿಗೆ ಎದ್ದು ನಿಲ್ಲುತ್ತಾನೆ. ಕುರ್ಚಿಯ ಗಾಲಿ ಉರುಳಿದರೆ ಗೇಟಿನ ಬಳಿ ಇರುತ್ತಾನೆ. ತುಲಾ ಮಾಸದ ಸಿಡಿಲುಮಳೆಯ ದಿನಗಳಲ್ಲಿ, ಮೋಡ ಕಟ್ಟಿದ ಕೂಡಲೇ ನಾನು ರೌಟರಿನ ಪ್ಲಗ್ ಕಿತ್ತಿಡುತ್ತೇನೆ. ಒಂದೆರಡು ವರ್ಷದಲ್ಲಿ ಅವನಿಗೆ ಪ್ಲಗ್ ಕೀಳುವುದೆಂದರೆ ಗುಡುಗು ಬರುವುದೆಂದು ಮನದಟ್ಟಾಗಿ, ಬಿಸಿಲಿನ ದಿನ ಧೂಳು ಒರೆಸಲೆಂದು ಪ್ಲಗ್ ಕಿತ್ತರೂ ಮಂಚದ ಕೆಳಗೆ ಹೋಗಿ ಸೇರುತ್ತಾನೆ. ಇಂಥ ನಾಯಿಗೆ ಬೆನ್ನಿಗೆ ಹಾಕುವ ಬ್ಯಾಗು ಕಂಡರೆ ಏನಾಗಬಹುದು? ಹಾಗಾಗಿ ಬ್ಯಾಗನ್ನು ಅರ್ಥಹೀನ ಮಾಡುವುದೇ ಉಪಾಯ. ದಿನಕ್ಕೆ ಹಲವು ಬಾರಿ ಬ್ಯಾಗು ಹೆಗಲಿಗೇರಿಸಿ ಅಡುಗೆಮನೆಗೆ ಹೋಗಿ ನೀರು ಕುಡಿದು ಬರುತ್ತಿದ್ದೆ, ಶೂ ಹಾಕಿಕೊಂಡು ಕೆಲಸಕ್ಕೆ ಕೂರುತ್ತಿದ್ದೆ, ಸ್ಕೂಟರಿನ ಕೀಲಿ ಗಲಗಲ ಎನ್ನಿಸಿ ಮತ್ತೆ ಮೊಳೆಗೆ ತೂಗುಹಾಕುತ್ತಿದ್ದೆ. ತೋಟದ ಕೆಲಸಕ್ಕೆ ಬಂದವರು ಇದನ್ನು ನೋಡಿ ಅಮ್ಮನ ಬಳಿ, ಅಕ್ಕನಿಗೆ ಆಫೀಸಿನ ಒತ್ತಡ ಜಾಸ್ತಿಯಾಗಿದೆಯಾ ಎಂದು ವಿಚಾರಿಸಿದರಂತೆ.

ಹೋಗುವಾಗ ಮುದ್ದಿಸಿ ಹೋಗಬಾರದು, ಬಂದಾಗ ಕೂಡಲೇ ಎತ್ತಿ ಕುಣಿಸಬಾರದು ಎಂಬ ನಿಯಮವನ್ನು ಮನೆಯವರೆಲ್ಲ ಪಾಲಿಸಬೇಕಾಯಿತು. ಇದರಲ್ಲಿ ಅಮ್ಮ ನನಗಿಂತ ಗಟ್ಟಿ, ಅಪ್ಪ ತೀರಾ ಮೆದು. ಜಗಲಿ ದಾಟಬಾರದೆಂದು ಒಂದು ಕಾಲದಲ್ಲಿ ಕಟ್ಟಪ್ಪಣೆ ಮಾಡಿದ್ದವರು, ತೋಟದಿಂದ ಬಂದ ಕೂಡಲೇ "ಎಲ್ಲಿದ್ದಾನೆ ಅವನು?" ಎಂದು ಕೇಳದೆ ಕೈಕಾಲು ತೊಳೆಯುವುದಿಲ್ಲ. ನಾಲ್ಕು ಗಂಟೆಯ ಓಟದ ಹೊಣೆಯನ್ನು ನಿಧಾನವಾಗಿ ಅವರಿಗೆ ದಾಟಿಸಿದೆ. ಮೊದಲು ಮೂವರೂ ಒಟ್ಟಿಗೆ, ಆಮೇಲೆ ನಾನು ಅರ್ಧ ದಾರಿಯಲ್ಲಿ ಹಿಂದೆ ಉಳಿದು, ಕೊನೆಗೆ ಅವರಿಬ್ಬರೇ. ಅಪ್ಪ ಓಡುವುದಿಲ್ಲ, ಸ್ಪ್ರಿಂಕ್ಲರ್ ಸರಿಮಾಡುತ್ತ, ಬಿದ್ದ ಅಡಿಕೆ ಹೆಕ್ಕುತ್ತ ನಡೆಯುತ್ತಾರೆ. ಬೊಗ್ಗುವಿಗೆ ಅದೂ ಆದೀತು ಎಂದು ಕಂಡಿತು. ಮಂಗಗಳ ಮೇಲೆ ಬೊಗಳುವ ಕೆಲಸವೂ ಆ ಹೊತ್ತಿಗೇ ಸರಿದದ್ದರಿಂದ ನನ್ನ ಮಧ್ಯಾಹ್ನದ ಮೀಟಿಂಗುಗಳಲ್ಲಿ ಶಾಂತಿ ನೆಲೆಸಿತು.

ಬೆಂಗಳೂರಿನ ಮೊದಲ ವಾರಕ್ಕೆ ಕಾಸರಗೋಡಿನಿಂದ ರಾತ್ರಿಯ ರೈಲು ಹಿಡಿದೆ. ಮಧ್ಯಾಹ್ನವೇ ಬೊಗ್ಗು ಅಪ್ಪನ ಜೊತೆ ತೋಟಕ್ಕಿಳಿದಿದ್ದಾಗ ಮನೆಯಿಂದ ಹೊರಟೆ, ನಾನು ಮೊದಲೇ ತೊಟ್ಟು ಬಿಟ್ಟ ಹಳೆಯ ಅಂಗಿಯೊಂದು ಅವನ ಗೋಣಿಯ ಮೇಲೆ ಇತ್ತು. ಅಮ್ಮನ ವರದಿಯ ಪ್ರಕಾರ ಆ ರಾತ್ರಿ ಅವನು ಗೇಟಿನ ಮುಂದೆ ಬಹಳ ಹೊತ್ತು ಕುಳಿತಿದ್ದ, ಊಟ ಅರ್ಧ ಬಿಟ್ಟ, ಮರುದಿನ ಬೆಳಗ್ಗೆ ಮೊಟ್ಟೆಗೆ ಮಾತ್ರ ಸಮಯಕ್ಕೆ ಸರಿಯಾಗಿ ಹಟ್ಟಿಯ ಬದಿಗೆ ಹೋಗಿ ನಿಂತ. ಬೇಯಿಸಿದವರು ಯಾರು ಎಂದು ಕೇಳಿದೆ. "ಇನ್ಯಾರು? ನಾನೇ" ಎಂದರು ಅಮ್ಮ, ಮತ್ತು ಪಾತ್ರೆ ಅಲ್ಲೇ ಇದೆ ಎಂದೂ ಸೇರಿಸಿದರು. ವಿಡಿಯೊ ಕರೆಯಲ್ಲಿ ನನ್ನ ದನಿ ಕೇಳಿಸಬಾರದೆಂದು ನಾನೇ ಹೇಳಿದ್ದೆ, ದನಿ ಬಂದು ಮನುಷ್ಯರು ಬಾರದಿದ್ದರೆ ನಾಯಿಗೆ ಇನ್ನಷ್ಟು ಗೊಂದಲ. ಹಾಗಾಗಿ ಅವರು ಮೊಬೈಲನ್ನು ದೂರದಿಂದ ಹಿಡಿದು ಅವನು ಮಲಗಿರುವುದನ್ನೂ, ಚಿನ್ನಿ ನನ್ನ ಖಾಲಿ ಮೇಜಿನ ಮೇಲೆ ತಣ್ಣಗಾದ ಹಳೆಯ ಲ್ಯಾಪ್‌ಟಾಪನ್ನು ಮೂಸಿ ಇಳಿದುಹೋಗುವುದನ್ನೂ ತೋರಿಸಿದರು.

ವಾರದ ಕೊನೆಗೆ ಫೋನು ಮಾಡಿದವರು ಅಪ್ಪ. ನಾಯಿ ಹೇಗಿದ್ದಾನೆ ಎಂದು ಕೇಳಿದೆ. "ಅವನಿಗೇನು, ಚೆನ್ನಾಗಿದ್ದಾನೆ. ನೀನು ಬರುವಾಗ ಅವನ ತಿಂಡಿಯ ದೊಡ್ಡ ಪ್ಯಾಕೆಟ್ ತಾ, ಇಲ್ಲಿಯದು ಮುಗಿದಿದೆ" ಎಂದರು. ನಾನು ಹೊರಡುವಾಗ ಆ ಪ್ಯಾಕೆಟ್ ಮುಕ್ಕಾಲು ತುಂಬಿತ್ತು.